ಎತ್ತಿದ ಕಿರುಬೆರಳು

ಕಳೆದ ತಿಂಗಳು ಅಕ್ಕ ಮೆಸ್ಸು ಮುಚ್ಚಿದಳು. ಅಂದಿನಿಂದ ನಮ್ಮ ಆಸ್ಪತ್ರೆಯ ಅರ್ಧ ಡಾಕ್ಟರುಗಳು ಮಧ್ಯಾಹ್ನ ಒಂದು ಗಂಟೆಗೆ ದಿಕ್ಕು ತಪ್ಪಿದವರಂತೆ ಕಾರಿಡಾರಿನಲ್ಲಿ ಓಡಾಡುತ್ತಾರೆ. ಮಕ್ಕಳ ಡಾಕ್ಟರು ಮನೆಯಿಂದ ಡಬ್ಬಿ ತರುತ್ತಿದ್ದಾರೆ. ಡಬ್ಬಿಯಲ್ಲಿ ಚಪಾತಿ ಇರುತ್ತದೆ, ಅವರ ಮುಖದಲ್ಲಿ ಸಂತೋಷ ಇರುವುದಿಲ್ಲ. ನಾನು ಎರಡು ದಿನ ಬಸ್ ಸ್ಟ್ಯಾಂಡಿನ ಕಡೆ ಹೋಗಿ ಉಂಡು ನೋಡಿದೆ. ಅಲ್ಲಿಯ ಮುದ್ದೆಯೊಳಗೆ ಬೇಯದ ಹಿಟ್ಟಿನ ಗಂಟು ಸಿಕ್ಕಿತು. ಆಮೇಲೆ ಬಾಳೆಹಣ್ಣಿಗೆ ಇಳಿದೆ.

ನಮಗೆಲ್ಲ ಅವಳು ಅಕ್ಕ, ಹೆಸರು ಬರೆಯುವುದಿಲ್ಲ. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಾಗ ಅವಳೇ ಬೇಡ ಅಂದಳು. "ಹೆಸರು ಹಾಕಬ್ಯಾಡ ಕಣಪ್ಪ. ನೆಂಟ್ರು ಓದಿಬಿಟ್ರೆ ಕೈ ನೋವು, ಕಾಲು ನೋವು ಅಂತ ಸಾಲಾಗಿ ಬಂದು ನನ್ ಮನ್ಯಾಗೆ ಕುಂತ್ಕಂತಾರೆ." ಬಹುವಚನದಲ್ಲೂ ಬರೆಯುವುದಿಲ್ಲ. ಬರೆದರೆ ಯಾರೋ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರ ಬಗ್ಗೆ ಬರೆದ ಹಾಗೆ ಕಾಣುತ್ತದೆ.

ಚಿತ್ರದುರ್ಗದ ನಮ್ಮ ಆಸ್ಪತ್ರೆಯ ಹಿಂಬಾಗಿಲಿನ ಎದುರು, ಔಷಧಿ ಅಂಗಡಿಗೂ ಪಂಚರ್ ಅಂಗಡಿಗೂ ನಡುವೆ, ನಾಲ್ಕು ಕಬ್ಬಿಣದ ಟೇಬಲ್ಲುಗಳ ಮೆಸ್ಸು ಅವಳದು. ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ, ಕೊಟ್ಟಿದ್ದು ಹಿರಿಯೂರಿಗೆ. ಲಾರಿ ಓಡಿಸುತ್ತಿದ್ದ ಗಂಡ ಬೇಗ ತೀರಿಕೊಂಡ ಮೇಲೆ ದುರ್ಗಕ್ಕೆ ಬಂದು ಒಲೆ ಹೂಡಿದವಳು. ಒಲೆ ಕಾಣುವಂತೆ ಗೋಡೆಯಲ್ಲಿ ದೊಡ್ಡ ಕಿಂಡಿ ಬಿಡಿಸಿದ್ದಳು. ಉಣ್ಣುವವರಿಗೆ ಅಡುಗೆ ಕಾಣಲಿ ಎಂದು ನಾವೆಲ್ಲ ತಿಳಿದಿದ್ದೆವು. ಅವಳಿಗೆ ಉಣ್ಣುವವರು ಕಾಣಬೇಕಿತ್ತು.

ಮುದ್ದೆ ಅಗಿಯುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮಂಗಳೂರು ಕಡೆಯಿಂದ ಹೊಸದಾಗಿ ಬಂದ ಒಬ್ಬ ಡ್ಯೂಟಿ ಡಾಕ್ಟರು ಮೊದಲ ದಿನ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತ ಕೂತಿದ್ದ. ಅಕ್ಕ ಒಲೆ ಬಿಟ್ಟು ಎದ್ದು ಬಂದು ಅವನೆದುರು ನಿಂತಳು. "ಅಗೀಬ್ಯಾಡ್ರಿ ಸ್ವಾಮಿ, ನೋಡಕ್ಕಾಗಲ್ಲ ನನ್ ಕೈಲಿ." ಅವನು ಗಾಬರಿಯಿಂದ ನುಂಗಿದ. ಆಮೇಲೆ ಮೂರು ವರ್ಷ ಅಲ್ಲೇ ಉಂಡ.

ಉಣ್ಣುವ ರೀತಿ ನೋಡಿಯೇ ಯಾರು ಯಾವ ಡಾಕ್ಟರು ಎಂದು ಹೇಳುತ್ತಿದ್ದಳು. "ಮೂಳೆ ಡಾಕ್ಟ್ರು ಮುದ್ದೆ ಮುರೀತಾರೆ. ಫಿಜಿಷಿಯನ್ನು ಮುದ್ದೆ ನೋಡ್ಕಂಡು ಯೋಚ್ನೆ ಮಾಡ್ತಾರೆ, ಅಷ್ಟರಾಗೆ ಅದು ಆರಿ ಕಲ್ಲಾಗಿರ್ತೈತೆ. ಅರಿವಳಿಕೆ ಡಾಕ್ಟ್ರು ಉಂಡು ಅಲ್ಲೇ ತೂಕಡಿಸ್ತಾರೆ, ಮಂದಿಗೆ ಕೊಡೋ ಮದ್ದು ತಾವೇ ತಗಂಡಂಗೆ." ಪಾಪ, ಅರಿವಳಿಕೆ ಡಾಕ್ಟರು ಇದನ್ನು ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ, ತೂಕಡಿಸುತ್ತಿದ್ದರು.

ಆದರೆ ಅವಳು ನಿಜವಾಗಿ ಹೆಸರುವಾಸಿಯಾಗಿದ್ದು ಬೇರೆಯದಕ್ಕೆ. ಕುದಿಯುವ ಪಾತ್ರೆಯಿಂದ ಹಿಟ್ಟನ್ನು ಹಲಗೆಯ ಮೇಲೆ ಸುರಿದುಕೊಂಡು, ಬಲಗೈಯಲ್ಲೊಂದು ಎಡಗೈಯಲ್ಲೊಂದು, ಎರಡು ಮುದ್ದೆ ಒಟ್ಟಿಗೆ ಕಟ್ಟುತ್ತಿದ್ದಳು. ಬೇರೆಯವರು ಕೈಯನ್ನು ನೀರಿಗೆ ಅದ್ದಿ, ಉಸ್ಸಪ್ಪ ಅಂದು, ಮತ್ತೆ ಅದ್ದಿ ಕಟ್ಟುತ್ತಾರೆ. ಅಕ್ಕ ಹಲಗೆಗೆ ನೀರು ಚಿಮುಕಿಸುತ್ತಿದ್ದಳೇ ಹೊರತು ಕೈಯನ್ನು ನೀರಿಗೆ ತೋರಿಸುತ್ತಿರಲಿಲ್ಲ. ಅಂಗೈ ತಾಗಿಸುತ್ತಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರಲ್ಲೇ ಹಬೆಯಾಡುವ ಹಿಟ್ಟನ್ನು ಉರುಳಿಸಿ ಉರುಳಿಸಿ ಗುಂಡಗೆ ಮಾಡಿಬಿಡುತ್ತಿದ್ದಳು. ಎರಡೂ ಕೈಯ ಕಿರುಬೆರಳು ಮಾತ್ರ ಮೇಲಕ್ಕೆ ಎತ್ತಿರುತ್ತಿತ್ತು. ದೊಡ್ಡ ಹೋಟೆಲಿನಲ್ಲಿ ಹೆಂಗಸರು ಟೀ ಕಪ್ಪು ಹಿಡಿಯುತ್ತಾರಲ್ಲ, ಹಾಗೆ.

ಅದಕ್ಕೆ ನಾವು ಅವಳನ್ನು 'ಮಹಾರಾಣಿ' ಎಂದು ಛೇಡಿಸುತ್ತಿದ್ದೆವು. ಒಬ್ಬರು ವಿಡಿಯೋ ಮಾಡಿ ನಮ್ಮ ಡಾಕ್ಟರುಗಳ ವಾಟ್ಸಾಪ್ ಗುಂಪಿಗೆ ಹಾಕಿದರು, 'ಬೆಂಕಿಗೂ ಅಂಜದ ಕೈ' ಎಂದು ಬರೆದು. ಹದಿನಾಲ್ಕು ಜನ ಕೈ ಮುಗಿಯುವ ಚಿತ್ರ ಒತ್ತಿದರು. ಆ ಹದಿನಾಲ್ಕರಲ್ಲಿ ಇಬ್ಬರು ಕೈಯ ಆಪರೇಷನ್ನೇ ಮಾಡುವ ಮೂಳೆ ಡಾಕ್ಟರುಗಳು. ಒಬ್ಬರು ನನ್ನ ಹಿರಿಯರು, ಇನ್ನೊಬ್ಬ ನಾನು. ಆಮೇಲೂ ಎರಡು ವರ್ಷ ನಾವು ದಿನಾ ಆ ಕಿಂಡಿಯಲ್ಲಿ ಆ ಕೈಗಳನ್ನು ನೋಡುತ್ತ ಉಂಡೆವು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಗ ಮುಗಿಸುತ್ತೇನೆ. ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗ ಇದೆ. ಅದರ ಮೂಲಕ ಒಂದು ನರ ಹಾದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಸುರಂಗದ ಚಾವಣಿ ಒಂದು ಗಟ್ಟಿ ಪಟ್ಟಿ. ಕೈಯನ್ನು ವರ್ಷಗಟ್ಟಲೆ ಒತ್ತಿ, ತಿರುಚಿ ದುಡಿಸಿದರೆ ಒಳಗೆ ಜಾಗ ಇಕ್ಕಟ್ಟಾಗಿ ಆ ನರ ನಲುಗುತ್ತದೆ, ಬೆರಳು ಜೋಮು ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಭೀಮಸಮುದ್ರದ ಕಡೆ ಅಡಿಕೆ ಸುಲಿಯುವ ಹೆಂಗಸರು, ಹಿರಿಯೂರಿನ ಕಡೆ ಕತ್ತರಿ ಹಿಡಿದು ಕುರಿ ಉಣ್ಣೆ ಕತ್ತರಿಸುವವರು, ಎಲ್ಲರೂ ಇದನ್ನು ಹೊತ್ತು ಬರುತ್ತಾರೆ. ಪಟ್ಟಿಯನ್ನು ಕತ್ತರಿಸಿದರೆ ನರ ಉಸಿರಾಡುತ್ತದೆ. ಇಷ್ಟೇ ಆಪರೇಷನ್. ಎಲ್ಲಿಂದ ಕತ್ತರಿಸಬೇಕು ಎಂಬುದರ ಮೇಲೆ ನಮ್ಮ ಹಿರಿಯರಿಗೂ ನನಗೂ ನಾಲ್ಕು ವರ್ಷ ಜಗಳ.

ಹಿರಿಯರು ಅಂಗೈಯನ್ನು ಒಂದೂವರೆ ಇಂಚು ಕೊಯ್ದು, ಎಲ್ಲವನ್ನೂ ಕಣ್ಣಾರೆ ಕಂಡು ಕತ್ತರಿಸುವವರು. ನಾನು ಕೊಯಮತ್ತೂರಿನಲ್ಲಿ ಕಲಿತು ಬಂದವನು. ಮಣಿಕಟ್ಟಿನ ಗೆರೆಯಲ್ಲಿ ಸಣ್ಣ ತೂತು ಮಾಡಿ, ದುರ್ಬೀನು ತೂರಿಸಿ, ಟಿವಿ ನೋಡಿಕೊಂಡು ಪಟ್ಟಿಯನ್ನು ಒಳಗಿನಿಂದಲೇ ಸೀಳುವವನು. ಗಾಯ ಸಣ್ಣದು, ಕೆಲಸಕ್ಕೆ ಬೇಗ ಮರಳಬಹುದು. ಹಿರಿಯರಿಗೆ ಅದು ಕಳ್ಳರ ಕೆಲಸದಂತೆ ಕಾಣುತ್ತಿತ್ತು. "ಬಾಗ್ಲು ತೆಗ್ದು ಒಳಗೆ ಹೋಗಲೇ, ಕಿಟಕ್ಯಾಗೆ ಯಾಕೆ ಕೈ ಹಾಕ್ತೀಯ?" ಅನ್ನುತ್ತಿದ್ದರು.

ಈ ಜಗಳ ಅಕ್ಕನ ಟೇಬಲ್ಲಿನ ಮೇಲೆ, ಸಾರಿನ ನುಗ್ಗೇಕಾಯಿಯ ಸಹಾಯದಿಂದ ನಡೆಯುತ್ತಿತ್ತು. ಹಿರಿಯರು ನುಗ್ಗೇಕಾಯಿಯನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ನೋಡು, ಬೀಜ ಎಲ್ಲ ಕಾಣ್ತವೆ ಅನ್ನುತ್ತಿದ್ದರು. ನಾನು ಇನ್ನೊಂದು ಹೋಳಿಗೆ ತುದಿಯಿಂದ ಹಲ್ಲುಕಡ್ಡಿ ತೂರಿಸಿ, ಸಿಪ್ಪೆ ಹಾಳಾಗದಂತೆ ಒಳಗಿನಿಂದಲೇ ಸೀಳಿ ತೋರಿಸುತ್ತಿದ್ದೆ. ಅಕ್ಕ ಸಾರು ಬಡಿಸಲು ಬಂದವಳು ಸೌಟು ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಇಷ್ಟು ಓದಿ ನುಗ್ಗೇಕಾಯಿ ತಿನ್ನಕ್ಕೆ ಬರಲ್ಲಲ್ಲ ನಿಮ್ಗೆ," ಅನ್ನುತ್ತಿದ್ದಳು.

ಅಂಥದೇ ಒಂದು ದಿನ ಸೌಟು ಅವಳ ಕೈಯಿಂದ ಜಾರಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಆ ವಾರ ಅದು ಮೂರನೆಯ ಸಲ. "ಯಾರ್ದೋ ಕಣ್ಣು ತಾಗೈತೆ," ಅಂದು ಸೌಟು ಎತ್ತಿಕೊಂಡಳು. ಆಗ ಹಿರಿಯರು ಅವಳ ತೋರುಬೆರಳಿನ ತುದಿ ನೋಡಿದರು. ಕಡಲೆಕಾಳಿನಷ್ಟು ಬೊಬ್ಬೆ ಎದ್ದು, ಒಡೆದು, ಕೀವು ಕಟ್ಟಿತ್ತು.

"ಏನಮ್ಮ ಇದು, ಯಾವಾಗ ಸುಟ್ಕಂಡೆ?"

"ಎಲ್ಲೈತೆ?" ಅಕ್ಕ ತನ್ನ ಬೆರಳನ್ನು ತಾನೇ ಮೊದಲ ಸಲ ಕಂಡವಳಂತೆ ತಿರುಗಿಸಿ ನೋಡಿದಳು. "ಗೊತ್ತೇ ಇಲ್ಲ ನೋಡ್ರಿ."

ಹಿರಿಯರು ಎಂಜಲು ಕೈಯಲ್ಲೇ ಎದ್ದರು. ಅವಳ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿಕೊಂಡು, ಕಣ್ಣು ಮುಚ್ಚು ಅಂದರು. ಹೆಬ್ಬೆರಳಿಗೆ ಚುಚ್ಚಿದರು, ತೋರುಬೆರಳಿಗೆ ಚುಚ್ಚಿದರು, ನಡುಬೆರಳಿಗೆ ಚುಚ್ಚಿದರು. ಅಕ್ಕ ಕಣ್ಣು ಮುಚ್ಚಿಕೊಂಡೇ, "ಬೇಗ ಚುಚ್ರಿ ಸ್ವಾಮಿ, ಒಲೆ ಮ್ಯಾಲೆ ಎಸರು ಐತೆ," ಅಂದಳು. ಕಿರುಬೆರಳಿಗೆ ತಾಗಿಸಿದ್ದೇ ಕೈ ಕಿತ್ತುಕೊಂಡಳು.

ಮೆಸ್ಸಿನಲ್ಲಿ ಕೂತಿದ್ದ ಡಾಕ್ಟರುಗಳೆಲ್ಲ ತಟ್ಟೆ ನೋಡಿಕೊಂಡರು. ಬೆಂಕಿಗೂ ಅಂಜದ ಕೈ ಬೆಂಕಿಯನ್ನೇ ಅರಿಯದ ಕೈಯಾಗಿತ್ತು. ಕಿರುಬೆರಳಿಗೆ ಹೋಗುವ ನರ ಬೇರೆ, ಅದು ಸುರಂಗದ ಒಳಗೆ ಹಾಯುವುದಿಲ್ಲ. ಅಂಗೈಗೆ ಹೋಗುವ ಎಳೆಯೂ ಹೊರಗಿನಿಂದಲೇ ಹೋಗುತ್ತದೆ. ಅವೆರಡಕ್ಕೂ ಬಿಸಿ ತಾಗುತ್ತಿತ್ತು. ಅದಕ್ಕೇ ಅಂಗೈ ದೂರ ಇರುತ್ತಿತ್ತು, ಕಿರುಬೆರಳು ಮೇಲೆ ಏಳುತ್ತಿತ್ತು. ಪಠ್ಯಪುಸ್ತಕದ ಚಿತ್ರವೊಂದು ಎರಡು ವರ್ಷ ದಿನಾ ನಮಗೆ ಮುದ್ದೆ ಬಡಿಸಿದೆ, ನಾವು ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟು ಉಂಡೆದ್ದಿದ್ದೇವೆ. ನನಗೆ ನಾಚಿಕೆಯಾಯಿತು. ಹಿರಿಯರು ಆವತ್ತು ಎರಡನೆಯ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಪರೀಕ್ಷೆ ಮಾಡಿಸಿದೆವು. ಎರಡೂ ಕೈ ಹಾಳಾಗಿದ್ದವು, ಬಲಗೈ ಸ್ವಲ್ಪ ಹೆಚ್ಚು. ಹೆಬ್ಬೆರಳ ಬುಡದ ಮಾಂಸ ಕರಗಲು ಶುರುವಾಗಿತ್ತು. ಇನ್ನೊಂದು ವರ್ಷ ಬಿಟ್ಟರೆ ಮುದ್ದೆ ಕೋಲು ಇರಲಿ, ಸೀರೆಯ ನೆರಿಗೆ ಹಿಡಿಯಲೂ ಆಗದಂತಾಗುತ್ತಿತ್ತು. ಇದನ್ನು ಹಿರಿಯರು ಅವಳಿಗೆ ನೇರವಾಗಿ ಹೇಳಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, "ಈ ಕೈ ಹೋದ್ರೆ ನನ್ ತಾವ ಇನ್ನೇನೈತೆ," ಅಂದಳು. ಅವಳು ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಯಾರು ಮಾಡುವುದು, ಹೇಗೆ ಮಾಡುವುದು ಎಂಬ ಜಗಳ ಶುರುವಾಯಿತು. ಈ ಸಲ ನುಗ್ಗೇಕಾಯಿ ಬೇಕಾಗಲಿಲ್ಲ. ಮೂರು ದಿನ ಕೇಳಿದ ಅಕ್ಕ ನಾಲ್ಕನೆಯ ದಿನ ಮೆಸ್ಸಿಗೆ ಬೀಗ ಹಾಕಿ ಹೊಸದುರ್ಗದ ಬಸ್ಸು ಹತ್ತಿ ಹಾಲುರಾಮೇಶ್ವರಕ್ಕೆ ಹೋದಳು. ಅಲ್ಲಿಯ ಕೊಳದ ಎದುರು ಬೇಡಿಕೊಂಡು ಕೂತರೆ ನೀರಿನೊಳಗಿಂದ ಪ್ರಸಾದ ತೇಲಿ ಬರುತ್ತದೆ ಎಂದು ನಂಬಿಕೆ. ಮರುದಿನ ಬಂದು ತೀರ್ಪು ಹೇಳಿದಳು.

"ಎರಡು ಬಾಳೆಹಣ್ಣು ಬಂದ್ವು. ಒಂದೊಂದು ಕೈ ಒಬ್ಬೊಬ್ರಿಗೆ."

"ಎರಡು ಹಣ್ಣು ಅಂದ್ರೆ ಎರಡೂ ಕೈ ಮಾಡಿಸ್ಕೋ ಅಂತ ಅರ್ಥ ಇರಬಹುದಲ್ಲ ಅಕ್ಕ?" ಅಂದೆ.

"ಆ ಅರ್ಥ ಮಾಡ್ಕಂಡ್ರೆ ನಿಮ್ಮಿಬ್ಬರಾಗೆ ಒಬ್ರು ನನ್ ಮೆಸ್ಸು ಬಿಡ್ತೀರ. ಬಲಗೈ ದೊಡ್ಡ ಡಾಕ್ಟ್ರಿಗೆ, ಎಡಗೈ ನಿಮ್ಗೆ. ಕುಂತ್ಕಳ್ರಿ, ಮುದ್ದೆ ಆರ್ತದೆ."

ಬಲಗೈಯನ್ನು ಹಿರಿಯರು ಬಾಗಿಲು ತೆಗೆದು ಮಾಡಿದರು. ಒಂದೂವರೆ ತಿಂಗಳಾದ ಮೇಲೆ ಎಡಗೈಯನ್ನು ನಾನು ಕಿಟಕಿಯಿಂದ ಮಾಡಿದೆ. ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದೆವು. ಅಕ್ಕ ಮಲಗಿಕೊಂಡೇ ಟಿವಿ ನೋಡುತ್ತಿದ್ದಳು. "ಏನಿದು, ಬರೀ ಬೆಳ್ಳಗೆ ಕಾಣ್ತದೆ, ಕೇಬಲ್ಲು ಕಿತ್ತೋದಂಗೆ." ಅದೇ ನಿಮ್ಮ ಪಟ್ಟಿ ಅಂದೆ. ಮುಕ್ಕಾಲು ಭಾಗ ಸಲೀಸಾಗಿ ಸೀಳಿತು. ಬೆರಳಿನ ಕಡೆಯ ತುದಿಗೆ ಬಂದಾಗ ದುರ್ಬೀನಿನ ಗಾಜು ಮಸುಕಾಯಿತು. ಹೊರಗೆ ತೆಗೆದು ಒರೆಸಿದೆ, ಮತ್ತೆ ಮಸುಕಾಯಿತು. ಇನ್ನೊಂದು ಸಲ ಅಲಗು ಎಳೆದೆ. ಕತ್ತರಿಸಿದ ಹಾಗೇ ಅನಿಸಿತು.

"ಮುಗೀತಾ?" ಅಂದಳು ಅಕ್ಕ.

"ಮುಗೀತು," ಅಂದೆ.

ಮೆಸ್ಸನ್ನು ಆ ದಿನಗಳಲ್ಲಿ ಹೊಸದುರ್ಗದಿಂದ ಬಂದ ಅವಳ ತಂಗಿ ನಡೆಸಿದಳು. ಆ ಮುದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆಕೆ ಬದುಕಿದ್ದಾಳೆ. ಆಸ್ಪತ್ರೆಯಲ್ಲಿ ಅಕ್ಕನ ಕೈಗಳ ಬಗ್ಗೆ ಮಂತ್ರಿಗಳ ಆರೋಗ್ಯದ ಬಗ್ಗೆ ಕೇಳುವಂತೆ ಎಲ್ಲರೂ ಕೇಳುತ್ತಿದ್ದರು.

ನಾನು ಮಾಡಿದ ಎಡಗೈ ಹತ್ತೇ ದಿನಕ್ಕೆ ಒಲೆಯ ಮುಂದೆ ಬಂತು. ಹಿರಿಯರ ಬಲಗೈ ಅಂಗೈಯ ಬುಡದಲ್ಲಿ ನೋಯುತ್ತಿತ್ತು, ಮುದ್ದೆ ಕೋಲು ಹಿಡಿದು ಒತ್ತಲು ಮೂರು ತಿಂಗಳು ಆಗಲೇ ಇಲ್ಲ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮಣಿಕಟ್ಟು ಹಿಡಿದುಕೊಂಡು ಬಂದ ಪ್ರತಿ ರೋಗಿಯನ್ನೂ ಮೆಸ್ಸಿಗೆ ಕರೆದುಕೊಂಡು ಹೋಗಿ, ಅಕ್ಕ, ಎಡಗೈ ತೋರಿಸಿ ಅನ್ನುತ್ತಿದ್ದೆ. ಬಲಗೈಯ ಗಾಯದ ಗುರುತು ಒಂದು ಕಡೆ, ಎಡಗೈಯ ಗುರುತೇ ಇಲ್ಲದ ಗುರುತು ಇನ್ನೊಂದು ಕಡೆ. ಅಕ್ಕ ಎರಡನ್ನೂ ತೋರಿಸುತ್ತಿದ್ದಳು. ಭೀಮಸಮುದ್ರದಿಂದ ಬಂದ ಅಡಿಕೆ ಸುಲಿಯುವ ಹೆಂಗಸರನ್ನು ಬೆಂಚಿನ ಮೇಲೆ ಕೂರಿಸಿ ಅವಳೇ ವಿವರಿಸುತ್ತಿದ್ದಳು. "ಬಾಗ್ಲು ಅಂದ್ರೆ ನಿಧಾನ, ಕಿಟಕಿ ಅಂದ್ರೆ ಜಲ್ದಿ. ಸುಗ್ಗಿ ಹತ್ರ ಇದ್ರೆ ಕಿಟಕಿಗೆ ಹೋಗ್ರಿ, ಟೈಮ್ ಐತೆ ಅಂದ್ರೆ ಬಾಗ್ಲು." ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಮಾತ್ರ ಒಲೆ ನೋಡಬೇಕು ಅಂದು ಎದ್ದು ಹೋಗುತ್ತಿದ್ದಳು. ನಾನು ಅದನ್ನು ಹಿರಿಯರ ಮೇಲಿನ ದಾಕ್ಷಿಣ್ಯ ಅಂದುಕೊಂಡೆ.

ಎಡಗೈ ಮಾಡಿ ನಾಲ್ಕು ತಿಂಗಳಾದ ಮೇಲೆ ದುರ್ಗದಲ್ಲೇ ನಮ್ಮ ಡಾಕ್ಟರುಗಳ ಒಂದು ಸಭೆ ಇತ್ತು. ಎರಡು ವಿಧಾನಗಳ ಹೋಲಿಕೆ ಎಂಬ ವಿಷಯದ ಮೇಲೆ ನಾನು ಮಾತಾಡಬೇಕು. ಅಕ್ಕ ಎರಡು ಮುದ್ದೆ ಒಟ್ಟಿಗೆ ಕಟ್ಟುವ ಹೊಸ ಫೋಟೊ ತೆಗೆದು ಕೊನೆಗೆ ಇಟ್ಟುಕೊಂಡಿದ್ದೆ. ಹಿರಿಯರು ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಮಾತು ಚೆನ್ನಾಗಿ ನಡೆಯಿತು. ಗುಂಡಿ ಒತ್ತಿದೆ, ಅಕ್ಕನ ಕೈಗಳು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂದವು.

ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಮುದ್ದೆಯ ಮೇಲೆ ಕೂತಿತ್ತು. ಎಡಗೈಯ ಕಿರುಬೆರಳು ಮೇಲೆ ಎತ್ತಿತ್ತು.

ಅಭ್ಯಾಸ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅಭ್ಯಾಸವಾದರೆ ಎರಡೂ ಕೈಗೆ ಇರಬೇಕಿತ್ತು. ಬಲಗೈಯ ಮೂರು ಬೆರಳಿಗೂ ಬಿಸಿ ತಾಗತೊಡಗಿ, ಎಲ್ಲ ಬೆರಳೂ ಸಮನಾಗಿ ಭಾರ ಹೊರಲು ಕಲಿತಿದ್ದವು. ಎಡಗೈಯಲ್ಲಿ ಇನ್ನೂ ಆ ಹಳೆಯ ಮೂರೇ ಬೆರಳು ದುಡಿಯುತ್ತಿದ್ದವು. ಗಾಜು ಮಸುಕಾದ ಆ ತುದಿ ನೆನಪಾಯಿತು. ಸಭೆಯಲ್ಲಿ ಎಷ್ಟು ಜನ ಇದನ್ನು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ, ನೋಡುತ್ತಿದ್ದವರೊಬ್ಬರ ಮುಖ ಗೊತ್ತಿತ್ತು. ಹಿರಿಯರು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ನಾನು ಗುಂಡಿ ಒತ್ತಿ ಧನ್ಯವಾದಗಳು ಎಂಬ ಹಾಳೆಗೆ ಹೋದೆ. ಚಪ್ಪಾಳೆ ಬಿತ್ತು. ಅಷ್ಟು ಜೋರಾದ ಚಪ್ಪಾಳೆ ನನಗೆ ಅದಕ್ಕೆ ಮುಂಚೆ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ. ಹೊರಗೆ ಬಂದಾಗ ಹಿರಿಯರು ಹೆಗಲ ಮೇಲೆ ಕೈ ಹಾಕಿ, "ನಾಳೆ ಊಟಕ್ಕೆ ಹೋಗಾಣ," ಅಂದರು.

ಮರುದಿನ ನಾನು ಒಬ್ಬನೇ ಬೇಗ ಹೋದೆ, ಹನ್ನೊಂದು ಗಂಟೆಗೆ, ಗಿರಾಕಿಗಳು ಬರುವ ಮೊದಲು. ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎಡಗೈ ಕೊಡಿ ಅಂದೆ. ಅವಳು ಕೈ ಕೊಡುವ ಮೊದಲು ಬಳೆಯ ಪಿನ್ನನ್ನು ತಾನೇ ಬಿಚ್ಚಿ ನನ್ನ ಮುಂದಿಟ್ಟಳು. ಹೆಬ್ಬೆರಳಿಗೆ ಅಷ್ಟಿಷ್ಟು ಗೊತ್ತಾಗುತ್ತಿತ್ತು. ತೋರುಬೆರಳಿಗೆ ಮಬ್ಬು. ನಡುಬೆರಳಿಗೆ ಏನೂ ಇಲ್ಲ.

"ನಿಮಗೆ ಮೊದಲೇ ಗೊತ್ತಿತ್ತು," ಅಂದೆ.

"ಎರಡನೇ ತಿಂಗಳಿಗೇ ಗೊತ್ತಾಯ್ತು. ಬಲಗೈ ಸುಡಕ್ಕೆ ಶುರುವಾಯ್ತು, ಎಡಗೈ ಸುಡಲಿಲ್ಲ."

"ಯಾಕೆ ಹೇಳಲಿಲ್ಲ ಅಕ್ಕ?"

ಅವಳು ಸೊಪ್ಪಿನ ಕಡ್ಡಿ ಮುರಿದು ಬುಟ್ಟಿಗೆ ಹಾಕಿದಳು. "ಹೆಂಗೆ ಹೇಳ್ಲಿ. ದಿನಾ ಮಂದಿ ಕರ್ಕಂಡು ಬಂದು ನನ್ ಎಡಗೈ ತೋರಿಸ್ತಿದ್ದೆ ನೀನು. ಮದ್ವೆ ಗಂಡು ಓಡಾಡಿದಂಗೆ ಓಡಾಡ್ತಿದ್ದೆ. ಇವತ್ತು ನೋಡ್ತಾನೆ, ನಾಳೆ ನೋಡ್ತಾನೆ ಅಂತ ನಾನು ಕಾಯ್ತಿದ್ದೆ. ನೀನು ಗಾಯ ಎಷ್ಟು ಸಣ್ಣದೈತೆ ಅಂತ ನೋಡ್ದೆ, ಬೆರಳು ನೋಡ್ಲಿಲ್ಲ."

ನಾಲ್ಕು ವರ್ಷ ನನಗೆ 'ನೀವು' ಅನ್ನುತ್ತಿದ್ದವಳು ಅವತ್ತು 'ನೀನು'ಗೆ ಇಳಿದಳು. ಮತ್ತೆ ಹತ್ತಲಿಲ್ಲ. ನನಗೆ ಅಳು ಬಂದಿತ್ತು, ಬಂದಿರಲಿಲ್ಲ ಎಂದು ಬರೆದರೆ ಅವಳು ಓದಿ ನಗುತ್ತಾಳೆ. ತಪ್ಪಾಯಿತು, ಪಟ್ಟಿ ಪೂರ್ತಿ ಕತ್ತರಿಸಿಲ್ಲ, ಮತ್ತೆ ಮಾಡಬೇಕು, ದೊಡ್ಡ ಡಾಕ್ಟರೇ ಮಾಡಲಿ ಅಂದೆ.

"ಅವ್ರು ಯಾಕೆ ಮಾಡ್ತಾರೆ? ಬಿಟ್ಟಿದ್ದು ನೀನು, ಮುಗ್ಸೋದೂ ನೀನೇ. ಕಿಟಕಿ ಬ್ಯಾಡ, ಬಾಗ್ಲು ತೆಗ್ದು ನೋಡ್ಕಂಡು ಮಾಡು."

ಆ ವಾರವೇ ಮಾಡಿದೆ. ಹಿರಿಯರು ಬಂದು ನನ್ನೆದುರು ನಿಂತು, ಇಪ್ಪತ್ತೈದು ವರ್ಷ ತಮ್ಮ ಅಸಿಸ್ಟೆಂಟುಗಳು ಮಾಡಿದ ಕೆಲಸ ಮಾಡಿದರು, ಗಾಯವನ್ನು ಅಗಲಿಸಿ ಹಿಡಿದುಕೊಂಡರು. ನಾನು ಚಾಕು ಇಟ್ಟಾಗ ಅವರು ಚುಚ್ಚಿ ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ತೆರೆದು ನೋಡಿದರೆ ಪಟ್ಟಿಯ ಕೊನೆಯ ತುದಿ ಹಾಗೇ ಉಳಿದಿತ್ತು, ಅರ್ಧ ಇಂಚೂ ಇಲ್ಲ, ನರದ ಮೇಲೆ ಬಿಗಿಯಾಗಿ ಕೂತಿತ್ತು.

"ಸಿಕ್ತಾ?" ಅಂದಳು ಅಕ್ಕ, ಅಡ್ಡ ಕಟ್ಟಿದ ಬಟ್ಟೆಯ ಆಚೆಯಿಂದ.

"ಸಿಕ್ತು."

"ಎಷ್ಟುದ್ದ ಐತೆ?"

"ಸಣ್ಣದು ಅಕ್ಕ. ಅರ್ಧ ಇಂಚು."

"ಇಷ್ಟಕ್ಕೇನಾ ಅಷ್ಟು ಮಂದಿ ಕರ್ಕಂಡು ಬಂದು ತೋರಿಸ್ದೆ."

ಹಿರಿಯರ ಭುಜ ಕುಲುಕಿತು. ನಗುತ್ತಿದ್ದರು. ಅಲುಗಾಡಬೇಡಿ ಸರ್, ಗಾಯ ಅಲುಗುತ್ತೆ ಅಂದೆ. ಅವರಿಗೆ ಹಾಗೆ ಹೇಳುವ ಅವಕಾಶ ನನಗೆ ಆವರೆಗೆ ಸಿಕ್ಕಿರಲಿಲ್ಲ. ಕತ್ತರಿಸಿದೆ. ಎರಡೂ ತುದಿ ಬಿಡಿಸಿ, ಬೆರಳಿನಿಂದ ಸವರಿ ನೋಡಿದೆ. ಅವರೂ ಸವರಿ ನೋಡಿದರು.

"ಮುಗೀತಾ?" ಅಂದಳು.

ನಾನು ಇನ್ನೊಂದು ಸಲ ನೋಡಿ, ಮುಗೀತು ಅಂದೆ.

ಆಮೇಲಿನದು ಅವಳ ಬೈಗುಳದ ಕಾಲ. ನರಕ್ಕೆ ಜೀವ ಬಂದಂತೆ ಬೆರಳುಗಳಿಗೆ ಬಿಸಿ ತಾಗತೊಡಗಿತು. ಮಹಾರಾಣಿ ಈಗ ಎಲ್ಲರಂತೆ ಪಕ್ಕದಲ್ಲಿ ನೀರಿನ ಚಂಬು ಇಟ್ಟುಕೊಂಡು, ಅದ್ದಿ ಅದ್ದಿ, ಉಸ್ಸಪ್ಪ ಅಂದು ಮುದ್ದೆ ಕಟ್ಟಬೇಕಾಯಿತು. ಸಾಲು ನಿಧಾನವಾಯಿತು. ಔಷಧಿ ಅಂಗಡಿಯವನು ತಡವಾಯಿತು ಎಂದು ಗೊಣಗಿದರೆ, "ಈ ಡಾಕ್ಟ್ರುಗಳ್ನ ಕೇಳ್ರಿ, ಚೆನ್ನಾಗಿದ್ದ ಕೈ ಕೆಡ್ಸಿ ಮಡಗಿದ್ರು," ಅನ್ನುತ್ತಿದ್ದಳು. ಹೀಗೆ ಬೈಯುವಾಗ ಅವಳ ಮುಖದಲ್ಲಿ ಇದ್ದ ಖುಷಿಯನ್ನು ನಾನು ಕಿಂಡಿಯಿಂದ ನೋಡುತ್ತಿದ್ದೆ. ಸೌಟು ಬೀಳುವುದು ನಿಂತಿತ್ತು. ಒಂದು ದಿನ ನನ್ನನ್ನು ಒಳಗೆ ಕರೆದು, ಡಬ್ಬಿಯಿಂದ ಸಾಸಿವೆ ತೆಗೆದು ಎಡಗೈ ನಡುಬೆರಳಿನಲ್ಲಿ ಒಂದೊಂದೇ ಕಾಳು ಉರುಳಿಸಿ, "ಒಂದು ಕಾಳೂ ಗೊತ್ತಾಗ್ತೈತೆ ನೋಡು," ಅಂದಳು. ಸಾಸಿವೆ ಕಾಳನ್ನು ಅಷ್ಟು ಹೊತ್ತು ಬೆರಳಲ್ಲಿ ಆಡಿಸಿದವರನ್ನು ನಾನು ನೋಡಿಲ್ಲ.

ಬೆಂಚಿನ ಮೇಲಿನ ಅವಳ ಪಾಠವೂ ಬದಲಾಯಿತು. "ಬಾಗ್ಲಾದ್ರೆ ಅಂಗೈ ನೋಯ್ತದೆ, ಕಿಟಕಿಯಾದ್ರೆ ನೋಯಲ್ಲ. ವರ್ಷ ಆದ್ಮೇಲೆ ಎರಡೂ ಒಂದೇ. ಕಿಟಕಿ ಮಾಡಿಸ್ಕಂಡ್ರೆ ಮಾತ್ರ ಡಾಕ್ಟ್ರ ಮುಖ ನೋಡ್ರಿ. ಮುಗೀತು ಅನ್ನೋವಾಗ ಟಿವಿ ನೋಡ್ತಾನೋ, ನಿಮ್ಮನ್ನ ನೋಡ್ತಾನೋ." ದೊಡ್ಡ ದೊಡ್ಡ ಪುಸ್ತಕಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ, ಕೊನೆಯ ಮಾತೊಂದು ಬಿಟ್ಟು. ನಾನು ಈಗಲೂ ದುರ್ಬೀನಿನಲ್ಲೇ ಮಾಡುತ್ತೇನೆ. ಗಾಜು ಮಸುಕಾದರೆ ಸುಮ್ಮನೆ ದುರ್ಬೀನು ಕೆಳಗಿಟ್ಟು ಬಾಗಿಲು ತೆಗೆಯುತ್ತೇನೆ. ಮುಂದಿನ ವರ್ಷದ ಸಭೆಯಲ್ಲಿ ಅದೇ ಫೋಟೊ ಮತ್ತೆ ಹಾಕಿ, ಎತ್ತಿದ ಕಿರುಬೆರಳಿಗೆ ಬಾಣದ ಗುರುತು ಹಾಕಿ, ನಡೆದದ್ದು ಹೇಳಿದೆ. ಆ ಸಲ ಚಪ್ಪಾಳೆ ಕಡಿಮೆ ಬಿತ್ತು.

ಅಕ್ಕ ಮೆಸ್ಸು ಮುಚ್ಚಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅರವತ್ತಾಯಿತು, ಹೊಸದುರ್ಗದಲ್ಲಿ ತಂಗಿಯ ಜೊತೆ ಇರುತ್ತೇನೆ ಅಂದಳು. "ಕೈ ಚೆನ್ನಾಗಿರುವಾಗ್ಲೇ ನಿಲ್ಲಿಸ್ಬೇಕು. ದೊಡ್ಡ ಡಾಕ್ಟ್ರಂಗೆ ಕೈ ನಡುಗೋಗಂಟ ಕಾಯಕ್ಕಾಗಲ್ಲ." ಇದನ್ನು ಅವರೆದುರೇ ಅಂದಳು. ಅವರು ನಡುಗುವ ಕೈಯಲ್ಲೇ ಮುದ್ದೆ ಮುರಿದು ಬಾಯಿಗಿಟ್ಟುಕೊಂಡರು.

ಕೊನೆಯ ದಿನ ಎಲ್ಲರೂ ಉಂಡು ಹೋದ ಮೇಲೆ ನನಗೊಬ್ಬನಿಗೆ ಬಡಿಸಿದಳು. ಹಲಗೆಯ ಮೇಲೆ ಎರಡು ಮುದ್ದೆ ಒಟ್ಟಿಗೆ ಕಟ್ಟಿದ್ದನ್ನು ನಾನು ಕಿಂಡಿಯಲ್ಲಿ ನೋಡುತ್ತಿದ್ದೆ. ಅಭ್ಯಾಸಬಲದಿಂದ ಕಿರುಬೆರಳುಗಳನ್ನೇ ನೋಡಿದೆ. ಎರಡೂ ಕೆಳಗಿದ್ದವು. ಆಮೇಲೆ ಬೆನ್ನು ತಿರುಗಿಸಿ ತಟ್ಟೆಗೆ ಹಾಕಿಕೊಂಡು ಬಂದಳು. ಒಂದು ಎಡಕ್ಕೆ, ಒಂದು ಬಲಕ್ಕೆ, ಎರಡೂ ಹಬೆಯಾಡುತ್ತಿದ್ದವು.

"ಹೇಳು, ಯಾವ್ದು ನಿನ್ ಕೈದು, ಯಾವ್ದು ಅವರ ಕೈದು?"

ತಟ್ಟೆ ತಿರುಗಿಸಿ ನೋಡಿದೆ. ಬಗ್ಗಿ ನೋಡಿದೆ. ಎರಡನ್ನೂ ಮುರಿದು ನೋಡಿದೆ, ಬೆರಳು ಸುಟ್ಟಿತು. ಗೊತ್ತಾಗುತ್ತಿಲ್ಲ ಅಕ್ಕ ಅಂದೆ.

ಅವಳು ಎದುರಿನ ಬೆಂಚಿನ ಮೇಲೆ ಕೂತಳು. ಎರಡು ಕೈಗಳನ್ನೂ ಟೇಬಲ್ಲಿನ ಮೇಲೆ ಅಂಗಾತ ಇಟ್ಟು ಸ್ವಲ್ಪ ಹೊತ್ತು ನೋಡಿಕೊಂಡಳು.

"ನಂಗೂ ಗೊತ್ತಾಗಲ್ಲ ಕಣಪ್ಪ ಈಗ," ಅಂದಳು. "ಉಣ್ಣು, ಆರ್ತದೆ."